ಎರಡನೇ ಬಟನ್ನಿನ ಮೇಲಿನ ಬೊಟ್ಟು

ನಮ್ಮ ಡೊಂಬಿವಲಿಯ ಮನೆಯ ಕಾರ್ಡ್‌ಲೆಸ್ ಫೋನ್ ಹತ್ತು ನಂಬರುಗಳನ್ನು ನೆನಪಿಟ್ಟುಕೊಳ್ಳಬಲ್ಲದು ಎಂದು ಅದರ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಅಮ್ಮನಿಗೆ ಬೇಕಾಗಿದ್ದವು ಮೂರೇ. ಒಂದರಲ್ಲಿ ನಾನು, ಎರಡರಲ್ಲಿ ನೆರೂಳಿನ ಚಿಕ್ಕಮ್ಮ, ಮೂರರಲ್ಲಿ ಘೋಡಬಂದರ್ ರಸ್ತೆಯ ಅಣ್ಣ. ಉಳಿದ ಬಟನ್ನುಗಳು ಇವತ್ತಿಗೂ ಖಾಲಿಯಾಗಿಯೇ ಇವೆ.

ಲ್ಯಾಂಡ್‌ಲೈನ್ ಎಂಬುದು ಈಗ ಯಾರಿಗೂ ಬೇಡದ ವಸ್ತು. ನಮಗೂ ಅದು ಇಂಟರ್ನೆಟ್ಟಿನ ಜೊತೆ ಪುಕ್ಕಟೆಯಾಗಿ ಬಂದದ್ದು. ಅಮ್ಮನಿಗೆ ಸ್ಟ್ರೋಕ್ ಆಗುವವರೆಗೆ ಅದರ ಮೇಲೆ ಧೂಳು ಕೂತಿತ್ತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಅಮ್ಮನ ಬಲಗೈ ಸೋತಿತ್ತು, ಬಲಗಾಲು ಎಳೆಯುತ್ತಿತ್ತು, ಮಾತು ಪೂರ್ತಿ ಹೋಗಿತ್ತು. ಪೂರ್ತಿ ಎಂದರೆ ತಪ್ಪಾದೀತು, ಒಂದು ಶಬ್ದ ಉಳಿದಿತ್ತು. ನಾವು ಉಡುಪಿ ಕಡೆಯವರು, ಮನೆಯಲ್ಲಿ ತುಳು. ತುಳುವಿನಲ್ಲಿ ಹೌದು ಎನ್ನುವುದಕ್ಕೆ ‘ಅಂದ್’ ಎನ್ನುತ್ತೇವೆ. ಅಮ್ಮನ ಬಾಯಲ್ಲಿ ಉಳಿದದ್ದು ಆ ‘ಅಂದ್’ ಒಂದೇ. ನೀರು ಬೇಕಾದರೂ ಅಂದ್, ಬೇಡವಾದರೂ ಅಂದ್, ಸಿಟ್ಟು ಬಂದರೂ ಅಂದ್. ರಾಗದಿಂದಲೇ ಅರ್ಥ ತಿಳಿಯಬೇಕು.

ಅಂಕಿಗಳೂ ಅವಳ ಕೈ ಬಿಟ್ಟಿದ್ದವು. ಎರಡನ್ನು ತೋರಿಸಿ ಇದು ಎಷ್ಟೆಂದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಮೊಬೈಲಿನ ನುಣ್ಣನೆಯ ಗಾಜಿನ ಮೇಲೆ ಅವಳ ಬೆರಳು ಎಲ್ಲೆಲ್ಲೋ ಜಾರಿ ಒಮ್ಮೆ ಯಾರೋ ಪಾರ್ಸೆಲ್ ತರುವವನಿಗೆ ಕರೆ ಹೋಗಿ, ಅವನು ಹಿಂದಿಯಲ್ಲಿ ನನ್ನನ್ನು ಚೆನ್ನಾಗಿ ವಿಚಾರಿಸಿಕೊಂಡ. ನನಗೆ ಮೂಗಿನ ತುದಿಯಲ್ಲೇ ಕೋಪ, ನಾನೂ ಅವನನ್ನು ಬಿಡಲಿಲ್ಲ. ಆಮೇಲೆ ಮೊಬೈಲ್ ಮುಚ್ಚಿಟ್ಟು, ಕಾರ್ಡ್‌ಲೆಸ್ಸಿನ ಧೂಳು ಒರೆಸಿ, ಅದರ ಜೊತೆ ಬಂದಿದ್ದ ಪುಸ್ತಿಕೆಯನ್ನು ಓದುತ್ತಾ ಕೂತೆ. ಅದರಲ್ಲಿ ಹತ್ತಾರು ಭಾಷೆಗಳಿದ್ದವು, ನಮ್ಮದೊಂದು ಬಿಟ್ಟು. ಮೆಮೊರಿ ಬಟನ್ ಒತ್ತಿ, ನಂಬರ್ ಹಾಕಿ, ಯಾವ ಅಂಕಿಗೆ ಕೂರಿಸಬೇಕೋ ಅದನ್ನು ಬೀಪ್ ಬರುವವರೆಗೆ ಹಿಡಿಯಬೇಕು. ಆಮೇಲೆ ಆ ಒಂದು ಅಂಕಿಯನ್ನು ಒತ್ತಿ ಹಿಡಿದರೆ ಸಾಕು, ಉಳಿದದ್ದನ್ನು ಫೋನೇ ನೋಡಿಕೊಳ್ಳುತ್ತದೆ. ಇಷ್ಟು ಸುಲಭದ ಕೆಲಸಕ್ಕೆ ನಾನು ಇಡೀ ಭಾನುವಾರ ತೆಗೆದುಕೊಂಡೆ.

ಒತ್ತಿದರೆ ಸಾಲದು, ಹಿಡಿದಿರಬೇಕು ಎಂಬುದು ಅಮ್ಮನ ತಲೆಗೆ ಹತ್ತಲಿಲ್ಲ. ಮುಟ್ಟಿ ಬಿಟ್ಟುಬಿಡುವಳು, ಫೋನ್ ಗುಂಯ್ ಎನ್ನುವುದು, ಅವಳು ಸೋತ ಮುಖ ಮಾಡಿ ನನ್ನ ಕಡೆ ಚಾಚುವಳು. ಅದನ್ನು ಕಲಿಸಿದ್ದು ನಾನಲ್ಲ, ಚಿಕ್ಕಮ್ಮ.

ಚಿಕ್ಕಮ್ಮನ ಬಗ್ಗೆ ಇಲ್ಲೇ ಹೇಳಬೇಕು. ಅಮ್ಮನಿಗೆ ಅವಳೊಬ್ಬಳೇ ತಂಗಿ. ಇಬ್ಬರೂ ಮದುವೆಯಾಗಿ ಬಂದದ್ದು ಇದೇ ಊರುಗಳಿಗೆ. ನಮ್ಮಪ್ಪನಿಗೆ ಠಾಣೆಯ ಹೋಟೆಲೊಂದರಲ್ಲಿ ಪಾಲಿತ್ತು, ಚಿಕ್ಕಪ್ಪ ತುರ್ಭೆಯ ಕಾರ್ಖಾನೆಯೊಂದರಲ್ಲಿ ಸಂಬಳದ ಕೆಲಸದಲ್ಲಿದ್ದರು. ಈಗ ಇಬ್ಬರೂ ಇಲ್ಲ. ಚಿಕ್ಕಮ್ಮ ನೆರೂಳಿನಲ್ಲಿ ಮಗಳ ಮನೆಯಲ್ಲಿದ್ದಳು. ಚಿಕ್ಕಪ್ಪ ಹೋದ ಮೇಲೂ ಹಣೆಯ ಬೊಟ್ಟು ಬಿಡದ ಹೆಂಗಸು ಅವಳು. ಯಾರಾದರೂ ಹುಬ್ಬೇರಿಸಿದರೆ, “ಹಣೆ ನನ್ನದಲ್ವಾ, ನಿಮಗೆಂತ ಭಾರ?” ಎಂದು ಕೇಳುತ್ತಿದ್ದಳು. ತಿಂಗಳಿಗೊಮ್ಮೆ ಲೋಕಲ್ ಹಿಡಿದು, ಠಾಣೆಯಲ್ಲಿ ಬದಲಾಯಿಸಿ, ಚೀಲದಲ್ಲಿ ಪತ್ರೊಡೆಯನ್ನೋ ಹಲಸಿನ ಹಪ್ಪಳವನ್ನೋ ತುಂಬಿಕೊಂಡು ನಮ್ಮಲ್ಲಿಗೆ ಬರುತ್ತಿದ್ದಳು.

ಹಾಗೆ ಬಂದಾಗ ಅಮ್ಮನ ಫೋನಿನ ಪರದಾಟ ನೋಡಿದಳು. ತನ್ನ ಹಣೆಯಿಂದ ಅಂಟಿನ ಬೊಟ್ಟನ್ನು ಕಿತ್ತು ಎರಡನೇ ಬಟನ್ನಿನ ಮೇಲೆ ಹಚ್ಚಿದಳು. ಅಮ್ಮನ ಎಡಗೈ ಹೆಬ್ಬೆರಳನ್ನು ತನ್ನ ಬೆರಳಿನಿಂದ ಅದರ ಮೇಲೆ ಒತ್ತಿ ಹಿಡಿದಳು.

“ಅಕ್ಕ, ಇದು ನಾನು. ನಾನು ಮಾತಾಡುವವರೆಗೆ ಬೆರಳು ತೆಗೀಬೇಡ. ಮೂರಕ್ಕೆಲ್ಲ ಕೈ ಹಾಕ್ಲಿಕ್ಕೆ ಹೋಗ್ಬೇಡ ಮಾರಾಯ್ತಿ, ಅಲ್ಲಿ ನಿನ್ನ ಮಗ ಯಾವಾಗ್ಲೂ ಮೀಟಿಂಗಿನಲ್ಲೇ ಇರ್ತಾನೆ.”

ಅಮ್ಮ ನಕ್ಕಳು. ಸ್ಟ್ರೋಕ್ ಆದ ಮೇಲೆ ಅವಳು ಬಾಯಿ ತೆರೆದು ನಕ್ಕದ್ದು ಅದೇ ಮೊದಲು. ವ್ಯಾಯಾಮ ಹೇಳಿಕೊಡಲು ಬರುವವನು ಎಷ್ಟು ದಿನ ಹೆಣಗಿದರೂ ಆಗದ ಕೆಲಸ ಒಂದು ಕೆಂಪು ಬೊಟ್ಟಿನಿಂದ ಆಯಿತು. ಮರುದಿನ ಮಧ್ಯಾಹ್ನದ ಚಹಾದ ಹೊತ್ತಿಗೆ ಅಮ್ಮ ತಾನೇ ಫೋನ್ ಎತ್ತಿಕೊಂಡು, ಬೊಟ್ಟಿನ ಮೇಲೆ ಬೆರಳಿಟ್ಟು, ಹಲ್ಲು ಕಚ್ಚಿ ಹಿಡಿದಳಂತೆ. ಚಿಕ್ಕಮ್ಮ ಕೂಡಲೇ ನನ್ನ ಕಚೇರಿಗೆ ಫೋನ್ ಮಾಡಿ, “ನಿನ್ನಮ್ಮ ಪಾಸಾದ್ಲು” ಎಂದಳು.

ಅಲ್ಲಿಂದ ಆ ಹೊತ್ತಿನ ಕರೆ ತಪ್ಪಲಿಲ್ಲ. ನನ್ನ ಕೆಲಸ ಠಾಣೆಯಲ್ಲಿ. ಮದುವೆ ನನಗೆ ಕೂಡಿ ಬರಲಿಲ್ಲ, ಹಾಗಾಗಿ ಅಮ್ಮನಿಗೆ ನಾನು, ನನಗೆ ಅಮ್ಮ. ಬೆಳಿಗ್ಗೆ ಬರುವ ಕೆಲಸದ ಮಾವಶಿ ಅಮ್ಮನಿಗೆ ಸ್ನಾನ ಮಾಡಿಸಿ, ಉಣ್ಣಿಸಿ ಹೊರಟುಹೋಗುತ್ತಾಳೆ. ಆಮೇಲೆ ನಾನು ಬರುವವರೆಗೆ ಅಮ್ಮ ಒಬ್ಬಳೇ. ಪಕ್ಕದ ಮನೆಯ ಮರಾಠಿ ಹೆಂಗಸು, ನಾವು ಕಾಕು ಎಂದು ಕರೆಯುವವರು, ನಡುನಡುವೆ ಇಣುಕುತ್ತಾರೆ. ಅವರ ಕನ್ನಡ, ಅಮ್ಮನ ಮರಾಠಿ ಎರಡೂ ಮೊದಲಿನಿಂದ ಅಷ್ಟಕ್ಕಷ್ಟೆ. ಹೀಗಾಗಿ ಇಡೀ ದಿನದಲ್ಲಿ ಅಮ್ಮನಿಗೆ ಒದಗುತ್ತಿದ್ದ ಮಾತುಕತೆ ಎಂದರೆ ಎರಡನೇ ಬಟನ್ ಒಂದೇ.

ರಜೆಯ ದಿನ ನಾನು ಅದನ್ನು ಸ್ಪೀಕರಿನಲ್ಲಿ ಕೇಳಿದ್ದೇನೆ. “ಅಕ್ಕ, ಚಾ ಆಂಡಾ?” ಎಂದು ಶುರುವಾಗುತ್ತಿತ್ತು, ಚಹಾ ಆಯಿತಾ ಎಂದು. ಅಂದ್. “ನಿನ್ನ ಮಗಳು ಇವತ್ತೂ ಸಕ್ಕರೆ ಕಡಿಮೆ ಹಾಕಿದ್ದಾಳೆ, ಅಲ್ವಾ?” ಅಂದ್. “ಇಲ್ಲಿ ನನ್ನವಳು ಅಂಗಡಿಯಿಂದ ಇಡ್ಲಿ ಹಿಟ್ಟು ತರ್ತಾಳೆ. ಪ್ಯಾಕೆಟ್ಟಿನಲ್ಲಿ! ನಾವು ಬದುಕಿರುವಾಗ್ಲೇ! ಇದೆಲ್ಲ ನೋಡ್ಲಿಕ್ಕುಂಟಾ ನಮ್ಮ ಹಣೇಲಿ?” ಅಂದ್, ಅಂದ್. ಎಷ್ಟೋ ದಿನ ಕೇಳಿದ ಮೇಲೆ ಚಿಕ್ಕಮ್ಮನ ಜಾಣತನ ನನಗೆ ಹೊಳೆಯಿತು. ಹೌದು ಎಂದರೆ ಸಾಕಾಗದ ಒಂದೇ ಒಂದು ಪ್ರಶ್ನೆಯನ್ನೂ ಅವಳು ಕೇಳುತ್ತಿರಲಿಲ್ಲ. ನೋಡಲು ಬಂದ ನೆಂಟರೆಲ್ಲ ಹೇಗಿದ್ದೀರಿ, ಏನು ಊಟ ಮಾಡಿದಿರಿ ಎಂದು ಕೇಳಿ ಅಮ್ಮನ ಕಣ್ಣಲ್ಲಿ ನೀರು ತರಿಸಿ ಹೋಗುತ್ತಿದ್ದರು. ಚಿಕ್ಕಮ್ಮನ ಜೊತೆಗಿದ್ದಾಗ ಮಾತ್ರ ಅಮ್ಮ ಮಾತು ಕಳೆದುಕೊಂಡವಳಾಗಿ ಕಾಣುತ್ತಿರಲಿಲ್ಲ.

ಆ ಚಿಕ್ಕಮ್ಮ ಒಂದು ಮಳೆಗಾಲದ ಬೆಳಿಗ್ಗೆ ನಿದ್ದೆಯಿಂದ ಏಳಲಿಲ್ಲ.

ಅವಳ ಮಗಳು ಅಳುತ್ತಾ ನನ್ನ ಮೊಬೈಲಿಗೆ ಫೋನ್ ಮಾಡಿದಾಗ ಅಮ್ಮ ಇನ್ನೂ ಮಲಗಿದ್ದಳು. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅಣ್ಣನಿಗೆ ಹೇಳಿದೆ. ಅಣ್ಣ ಹಣಕಾಸಿನ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಸಾವಿನ ಸುದ್ದಿಗೂ ಎರಡು ನಿಮಿಷದಲ್ಲಿ ನಿರ್ಧಾರ ತೆಗೆದುಕೊಳ್ಳುತ್ತಾನೆ.

“ನೋಡು, ಅಮ್ಮನಿಗೆ ಹೇಳೋದು ಬೇಡ. ಡಾಕ್ಟರ್ ಏನಂದಿದ್ರು? ಇನ್ನೊಂದು ಅಟ್ಯಾಕ್ ಆದ್ರೆ ಕಷ್ಟ. ಬಿಪಿ ಶೂಟ್ ಆದ್ರೆ ಯಾರು ನೋಡೋದು?”

“ದಿನಾ ಫೋನ್ ಮಾಡ್ತಾಳಲ್ಲ ಅಣ್ಣ. ಎಷ್ಟು ದಿನ ಮುಚ್ಚಿಡೋದು?”

“ಮೊದ್ಲು ಇವತ್ತು ಮುಗೀಲಿ. ಆಮೇಲೆ ಮ್ಯಾನೇಜ್ ಮಾಡೋಣ.”

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ನನಗಿದ್ದದ್ದು ಎರಡೇ ಹೆದರಿಕೆ. ಹೇಳಿದರೆ ಅಮ್ಮ ಹೋಗಿಬಿಟ್ಟಾಳೆಂಬುದು ಒಂದು. ಆ ಕರೆ ನಿಂತುಹೋದರೆ, ಇದ್ದೂ ಇಲ್ಲದವಳಂತೆ ಆಗಿಬಿಟ್ಟಾಳೆಂಬುದು ಇನ್ನೊಂದು. ಕಚೇರಿಗೆ ಹೊರಡುವವಳಂತೆ ಸೀರೆ ಉಟ್ಟು, ಡಬ್ಬಿ ಕೂಡ ಚೀಲದಲ್ಲಿಟ್ಟುಕೊಂಡು ಹೊರಟೆ. ಬಾಗಿಲಲ್ಲಿ ಅಮ್ಮ ಎಂದಿನಂತೆ ಎಡಗೈ ಎತ್ತಿದಳು.

ನೆರೂಳಿನ ಮನೆಯಲ್ಲಿ ಜನ ತುಂಬಿದ್ದರು. ಹಾಲಿನ ಮೂಲೆಯಲ್ಲಿ ಅವರ ಲ್ಯಾಂಡ್‌ಲೈನ್, ಅದರ ಪಕ್ಕದಲ್ಲಿ ಚಿಕ್ಕಪ್ಪನ ಕಡೆಯ ಹಿರಿಯರೊಬ್ಬರು ಕೂತಿದ್ದರು. ಸಾವಿನ ಮನೆಯಲ್ಲಿ ಫೋನಿಗೆ ಒಬ್ಬರನ್ನು ಕೂರಿಸುವುದು ನಮ್ಮವರ ಪದ್ಧತಿ. ಮನೆಯವರು ಒಬ್ಬೊಬ್ಬರಿಗೂ ಅತ್ತು ಹೇಳುವುದು ತಪ್ಪಲಿ ಎಂದು. ಆಯುಷ್ಯವಿಡೀ ಹೋಟೆಲಿನ ಗಲ್ಲಾದಲ್ಲಿ ಕೂತು ಬಂದ ಆ ಹಿರಿಯರಿಗೆ ಈ ಕೆಲಸ ಸಲೀಸು. ಫೋನ್ ಬಂತೆಂದರೆ ಎತ್ತಿ, ಆ ಕಡೆ ಯಾರೆಂದು ಕೇಳುವ ಗೋಜಿಗೆ ಹೋಗದೆ, ಸಾಂಬಾರು ಮುಗಿದಿದೆ ಎನ್ನುವ ಸ್ವರದಲ್ಲಿ ಹೇಳುತ್ತಿದ್ದರು: “ಹೌದು, ಬೆಳಿಗ್ಗೆ ಹೋದ್ರು. ನಿದ್ದೆಯಲ್ಲೇ. ಸಂಜೆಗೆ ತೆಗೀತೇವೆ. ಇಡ್ತೇನೆ.” ಆ ಕಡೆಯವರು ಒಂದು ಮಾತು ಆಡುವಷ್ಟರಲ್ಲಿ ಫೋನ್ ಇಟ್ಟಾಗಿರುತ್ತಿತ್ತು. ಅಷ್ಟು ದುಃಖದಲ್ಲೂ ನಾನೂ ಚಿಕ್ಕಮ್ಮನ ಮಗಳೂ ಒಮ್ಮೆ ಮುಖ ಮುಖ ನೋಡಿಕೊಂಡೆವು. ಚಿಕ್ಕಮ್ಮ ಇದ್ದಿದ್ದರೆ ಇದನ್ನು ಅಣಕಿಸಿ ತೋರಿಸದೆ ಬಿಡುತ್ತಿರಲಿಲ್ಲ.

ಮಧ್ಯಾಹ್ನವೆಲ್ಲ ನಾನು ಒಳಕೋಣೆಯಲ್ಲಿ ಹೆಂಗಸರ ಜೊತೆಗಿದ್ದೆ. ಚಿಕ್ಕಮ್ಮನಿಗೆ ನೀರು ಹಾಕಿದೆವು, ಸೀರೆ ಉಡಿಸಿದೆವು. ಹಣೆಗೆ ಬೊಟ್ಟು ಇಡಬೇಕೋ ಬೇಡವೋ ಎಂದು ಯಾರೋ ಗೊಣಗಿದರು. ಮಗಳು ಯಾರ ಮಾತೂ ಕೇಳದೆ ಚಿಕ್ಕಮ್ಮನ ಡ್ರಾಯರಿನಿಂದ ಬೊಟ್ಟಿನ ಹಾಳೆ ತಂದು ಒಂದನ್ನು ಹಚ್ಚಿದಳು. ಹೊರಗೆ ಫೋನ್ ಬಡಿದುಕೊಳ್ಳುತ್ತಲೇ ಇತ್ತು.

ವಾಪಸು ಬರುವಾಗ ಗಾಡಿ ತುರ್ಭೆ ದಾಟಿದ ಮೇಲೆ ನನಗೆ ಥಟ್ಟನೆ ಅಮ್ಮನ ಚಹಾದ ಹೊತ್ತು ನೆನಪಾಯಿತು. ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಅಷ್ಟು ಫೋನುಗಳ ನಡುವೆ ಅಮ್ಮನದು ತಾಗಿರಲಾರದು, ಎಂಗೇಜ್ ಬಂದಿರುತ್ತದೆ, ಬೇಸತ್ತು ಇಟ್ಟಿರುತ್ತಾಳೆ. ಮನಸ್ಸಿಗೆ ಬೇಕಾದದ್ದನ್ನು ನಂಬುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಸಾವಿನ ಮನೆಯಿಂದ ಬಂದವರು ಮೀಯದೆ ಒಳಗೆ ಕಾಲಿಡುವಂತಿಲ್ಲ. ನಾನು ಹೊತ್ತಲ್ಲದ ಹೊತ್ತಿನಲ್ಲಿ ನೇರವಾಗಿ ಬಚ್ಚಲಿಗೆ ಹೋದರೆ ಅಮ್ಮನಿಗೆ ಕ್ಷಣದಲ್ಲಿ ಗೊತ್ತಾಗುತ್ತದೆ. ಕಾಕುವಿನ ಬಾಗಿಲು ತಟ್ಟಿ ವಿಷಯ ಹೇಳಿದೆ. ಅವರು ಟವೆಲ್ ಕೈಗೆ ಕೊಟ್ಟು, “ಇಥೇಚ ಆಂಘೋಳ ಕರ. ಆಯೀಲಾ ಕಾಯ ಕಳತಂಯ” ಎಂದರು. ಇಲ್ಲೇ ಸ್ನಾನ ಮಾಡು, ಅಮ್ಮನಿಗೆ ಏನು ತಿಳಿಯುತ್ತದೆ ಎಂದು. ಅವರ ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಳ್ಳುವಾಗ ಬೆಳಗಿನಿಂದ ತಡೆದಿಟ್ಟದ್ದೆಲ್ಲ ಬಂತು. ನಲ್ಲಿಯನ್ನು ಜೋರಾಗಿ ಬಿಟ್ಟು ಅತ್ತೆ.

ಮನೆಗೆ ಬಂದಾಗ ಅಮ್ಮ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು. ಕೂದಲು ಬಿಚ್ಚಿತ್ತು, ಒದ್ದೆಯಾಗಿತ್ತು. ಸೀರೆ ಬದಲಾಗಿತ್ತು, ಒಂದು ಕೈಯಲ್ಲಿ ಸುತ್ತಿಕೊಂಡದ್ದರಿಂದ ಸೊಂಟದಲ್ಲಿ ಗಂಟು ಗಂಟಾಗಿ ನಿಂತಿತ್ತು. ಬಚ್ಚಲಿಗೆ ಹೋಗಿ ನೋಡಿದರೆ ಬೆಳಿಗ್ಗೆ ಉಟ್ಟಿದ್ದ ಸೀರೆ ಹಿಂಡದೆ ನಲ್ಲಿಯ ಮೇಲೆ ಮಡಚಿ ಹಾಕಿ, ಸೆರಗಿನ ತುದಿಯನ್ನು ನಲ್ಲಿಯ ಕುತ್ತಿಗೆಗೆ ಸುತ್ತಿತ್ತು. ಕೆಳಗಿನ ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಪಾಪ, ತಡೆಯಲಾಗದೆ ಬಟ್ಟೆಯಲ್ಲೇ ಆಗಿರಬೇಕು, ತಾನೇ ತೊಳೆದುಕೊಂಡಿದ್ದಾಳೆ ಎಂದುಕೊಂಡೆ. ಕೇಳಿದರೆ ಅವಳಿಗೆ ನಾಚಿಕೆ, ಕೇಳುವುದಕ್ಕೆ ನನಗೂ ಸಂಕಟ. ಸೀರೆಯನ್ನು ಸದ್ದಿಲ್ಲದೆ ಸೋಪಿನ ನೀರಿನಲ್ಲಿ ನೆನೆಹಾಕಿದೆ.

ಅಮ್ಮ ನನ್ನ ಒದ್ದೆ ತಲೆಯನ್ನೇ ನೋಡುತ್ತಿದ್ದಳು.

“ಸ್ಟೇಷನ್ನಿನಲ್ಲಿ ಮಳೆಗೆ ಸಿಕ್ಕಿಬಿದ್ದೆ ಅಮ್ಮ” ಎಂದೆ.

“ಅಂದ್” ಎಂದಳು.

ಆ ರಾತ್ರಿ ಅವಳು ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲವೇನೋ ಎಂದು ಮಜ್ಜಿಗೆ ಕೊಟ್ಟೆ. ದೇವರ ಮುಂದೆ ದಿನವೂ ಎಡಗೈಯಲ್ಲೇ ದೀಪ ಹಚ್ಚುವವಳು ಹಚ್ಚಲಿಲ್ಲ. ಅದನ್ನೂ ಸುಸ್ತು ಎಂದುಕೊಂಡೆ.

ಅವಳು ಮಲಗಲು ಹೋದ ಮೇಲೆ ಫೋನ್ ಹಿಡಿದು ಕೂತೆ. ಇನ್ನು ನೆರೂಳಿನ ಮನೆಯಲ್ಲಿ ಮಧ್ಯಾಹ್ನ ಫೋನ್ ಎತ್ತುವವರಿಲ್ಲ. ಚಿಕ್ಕಮ್ಮನ ಮಗಳೂ ಅಳಿಯನೂ ಕೆಲಸಕ್ಕೆ ಹೋಗುವವರು. ಮಗಳ ಮೊಬೈಲ್ ನಂಬರನ್ನು ಎರಡಕ್ಕೆ ಕೂರಿಸುವುದೆಂದು ಅವಳೂ ನಾನೂ ಮಾತಾಡಿಕೊಂಡಿದ್ದೆವು. ಮೆಮೊರಿ ಒತ್ತಿದೆ, ಹೊಸ ನಂಬರ್ ಹಾಕಿದೆ, ಬೊಟ್ಟಿನ ಮೇಲೆ ಬೆರಳಿಟ್ಟೆ. ಇದರಲ್ಲಿ ಮೊದಲೇ ಒಬ್ಬರಿದ್ದಾರಲ್ಲ, ಅವರನ್ನು ತೆಗೆಯಲೇ ಎಂದು ಫೋನ್ ಕೇಳುತ್ತದೆ ಎಂದು ಯಾಕೋ ಅಂದುಕೊಂಡಿದ್ದೆ. ಅದು ಏನೂ ಕೇಳಲಿಲ್ಲ. ಒಂದು ಬೀಪ್ ಮಾಡಿ ಒಪ್ಪಿಕೊಂಡಿತು. ಆ ಸಣ್ಣ ಸದ್ದು ನನಗೆ ಮಧ್ಯಾಹ್ನದ ಮಂತ್ರಗಳಿಗಿಂತ ಹೆಚ್ಚು ಹೊಟ್ಟೆ ಉರಿಸಿತು.

ಮರುದಿನವೂ ಅದರ ಮರುದಿನವೂ ಅಮ್ಮ ಫೋನ್ ಮುಟ್ಟಲಿಲ್ಲ ಎಂದು ಚಿಕ್ಕಮ್ಮನ ಮಗಳು ಹೇಳಿದಳು. ನಾಲ್ಕನೆಯ ದಿನ ಅಮ್ಮ ಫೋನ್ ಮಾಡಿದಳು. ಇವಳು ಆಗ ನೆರೂಳಿನ ಮನೆಯಲ್ಲೇ ಇದ್ದಳು, ಕ್ರಿಯೆಗಳು ನಡೆಯುತ್ತಿದ್ದವು. ಬಾಲ್ಕನಿಗೆ ಓಡಿಹೋಗಿ, ಕಂಠಪಾಠ ಮಾಡಿಟ್ಟಿದ್ದನ್ನು ಒಪ್ಪಿಸಿದಳಂತೆ: “ದೊಡ್ಡಮ್ಮ, ಅಮ್ಮ ದೇವಸ್ಥಾನಕ್ಕೆ ಹೋಗಿದ್ದಾಳೆ, ಫೋನ್ ನನ್ನ ಹತ್ರ ಉಂಟು.” ಅಂದ್. ಇನ್ನೊಂದು ದಿನ ಅಮ್ಮ ಮಲಗಿದ್ದಾಳೆ. ಅಂದ್. ಮತ್ತೊಂದು ದಿನ ಊರಿಗೆ ಹೋಗಿದ್ದಾಳೆ, ಬರುವುದು ತಡ. ಅಂದ್.

“ಅಕ್ಕ, ನನಗೆ ಆಗಲ್ಲ” ಎಂದು ಅವಳು ನನಗೆ ಫೋನ್ ಮಾಡಿ ಅತ್ತಳು. “ಅಮ್ಮನನ್ನು ನಾನೇ ದಿನಾ ಎಬ್ಬಿಸಿ ದೇವಸ್ಥಾನಕ್ಕೆ ಕಳಿಸಿದ ಹಾಗೆ ಆಗ್ತದೆ. ಲೈಕ್, ಆ ಒಂದು ಸೆಕೆಂಡ್ ನಾನೂ ನಂಬಿಬಿಡ್ತೇನೆ.”

ಹಾಗಾದರೆ ಸುಳ್ಳು ಬೇಡ, ನಿನ್ನದೇ ಏನಾದರೂ ಹೇಳು ಎಂದೆ. ಅವಳು ಕೆಲಸಕ್ಕೆ ಮರಳಿದ್ದಳು. ಚಿಕ್ಕಪ್ಪ ದುಡಿದ ತುರ್ಭೆಯಲ್ಲೇ ಗೋದಾಮೊಂದರ ಆಫೀಸಿನಲ್ಲಿ ಅವಳಿಗೂ ಕೆಲಸ. ಚಹಾದ ಬಿಡುವಿಗೆ ಫೋನ್ ಬಂದರೆ ಮೆಟ್ಟಿಲಿಗೆ ಬಂದು ಕೂರುವಳು. ಹಿಂದೆ ಲಾರಿಗಳ ಗದ್ದಲ, ಹಮಾಲರ ಕೂಗು. ಇಲ್ಲೇ ಹುಟ್ಟಿ ಬೆಳೆದವಳು, ಚಿಕ್ಕಮ್ಮ ತುಳುವಿನಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದವಳು. ಅಮ್ಮನಿಗಾಗಿ ತುಳು ಹೊಂದಿಸಿಕೊಂಡು ಶುರುಮಾಡಿದಳು. ಮೊದಮೊದಲು ಎರಡು ಮಾತಿಗೆ ನಿಲ್ಲುತ್ತಿತ್ತು. ಆಮೇಲೆ ಊರಲ್ಲಿರುವ ಅತ್ತೆಯ ಕಿರಿಕಿರಿ, ಗಂಡನ ಗೊರಕೆ, ಲಿಫ್ಟ್ ಕೆಟ್ಟದ್ದು, ಎಲ್ಲವೂ ಬರತೊಡಗಿದವು. ಒಂದು ಶನಿವಾರ ಸ್ಪೀಕರಿನಲ್ಲಿ ಅವಳು “ಇಡ್ಲಿ ಹಿಟ್ಟು ಈಗ ಮನೇಲೇ ರುಬ್ತೇನೆ ದೊಡ್ಡಮ್ಮ, ಆದ್ರೆ ಉಬ್ಬೋದೇ ಇಲ್ಲ” ಎಂದದ್ದು ಕೇಳಿ ನಾನು ಅಡುಗೆಮನೆಗೆ ಎದ್ದುಹೋದೆ. ಅಲ್ಲಿ ನನಗೆ ಕೆಲಸವೇನೂ ಇರಲಿಲ್ಲ.

ಒಮ್ಮೆ ಮಾತಿನ ನಡುವೆ ಅವಳಿಗೆ ಅಳು ನುಗ್ಗಿ ಬಂತಂತೆ, ಏನು ಮಾಡಿದರೂ ನಿಲ್ಲಲಿಲ್ಲವಂತೆ. ಆ ಕಡೆಯಿಂದ ಅಮ್ಮ ಗಾಬರಿಯಾಗದೆ, ಮೆಲ್ಲಗೆ, ಅಳು ಮುಗಿಯುವವರೆಗೂ ಅಂದ್, ಅಂದ್ ಎನ್ನುತ್ತಲೇ ಇದ್ದಳಂತೆ. “ಸಾಹೇಬರು ಬೈದ್ರು ಅಂತ ಸುಳ್ಳು ಹೇಳಿದೆ ಅಕ್ಕ. ದೊಡ್ಡಮ್ಮನಿಗೆ ಡೌಟ್ ಬಂದಿಲ್ಲ ಅಲ್ವಾ?” ಬಂದಿರಲಾರದು ಎಂದೆ. ತಿಂಗಳಿಗೊಮ್ಮೆ ಬರುವ ಚಿಕ್ಕಮ್ಮ ಬಾರದೆ ಹೋದರೂ ಅಮ್ಮ ಒಮ್ಮೆಯೂ ಬಾಗಿಲ ಕಡೆ ನೋಡಿರಲಿಲ್ಲ. ಅದನ್ನು ಅಣ್ಣನಿಗೆ ಹೇಳಿದಾಗ, “ಮರ್ತಿದ್ದಾಳೆ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು” ಎಂದು ನಿಟ್ಟುಸಿರು ಬಿಟ್ಟ. ಮಾತು ಹೋದವಳ ಬುದ್ಧಿಯೂ ಹೋಗಿರಬೇಕೆಂದು ನಾವಿಬ್ಬರೂ ಓದಿದವರು ಎಷ್ಟು ನಿಶ್ಚಿಂತೆಯಿಂದ ಒಪ್ಪಿಕೊಂಡುಬಿಟ್ಟಿದ್ದೆವು!

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕಲ್ಯಾಣದಿಂದ ಫೋನ್ ಬಂತು. ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ತೀರಿಕೊಂಡಿದ್ದರು. ಬಹಳ ವಯಸ್ಸಾಗಿತ್ತು, ಹಾಸಿಗೆ ಹಿಡಿದೇ ವರ್ಷಗಳಾಗಿದ್ದವು, ಹೋದದ್ದೇ ಬಿಡುಗಡೆ ಎಂಬಂತಿತ್ತು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ ಎನಿಸಿ ಅಮ್ಮನ ಮುಂದೆ ಮಂಡಿಯೂರಿ ಕೂತು ಹೇಳಿದೆ, “ಅಮ್ಮ, ಕಲ್ಯಾಣದ ಅತ್ತೆ ಹೋದ್ರಂತೆ.”

ಅಮ್ಮ “ಅಂದಾ” ಎಂದಳು. ಹೌದಾ ಎಂಬಂತೆ. ಕೋಲು ಹಿಡಿದು ಎದ್ದಳು. ಹಿಡಿಯಲು ಹೋದ ನನ್ನ ಕೈಯನ್ನು ಸರಿಸಿದಳು. ಮುಟ್ಟಬೇಡ ಎಂಬ ಆ ಸನ್ನೆ ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದ ನೋಡಿದ್ದೇ. ಸಾವಿನ ಸುದ್ದಿ ಕಿವಿಗೆ ಬಿದ್ದ ಕೂಡಲೇ ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಳ್ಳಬೇಕು. ಸತ್ತು ಎಷ್ಟು ದಿನವಾಗಿರಲಿ, ಕೇಳಿದವರಿಗೆ ಕೇಳಿದ ಗಳಿಗೆಯೇ ಲೆಕ್ಕ. ಅಮ್ಮ ಕಾಲೆಳೆಯುತ್ತಾ ಬಚ್ಚಲಿಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಎಡಗೈಯಲ್ಲಿ ಚೆಂಬು ಹಿಡಿದು ತಣ್ಣೀರನ್ನು ಸೀರೆಯ ಸಮೇತ ತಲೆಯ ಮೇಲೆ ಸುರಿದುಕೊಂಡಳು. ನಾನು ಒಣ ಸೀರೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಅವಳು ಒದ್ದೆ ಸೀರೆಯನ್ನು ಬಿಚ್ಚಿದಳು. ಒಂದು ಕೈಯಿಂದ ಹಿಂಡಲಾಗುವುದಿಲ್ಲವಲ್ಲ, ಮಡಚಿ ನಲ್ಲಿಯ ಮೇಲೆ ಹಾಕಿದಳು. ಜಾರದಿರಲೆಂದು ಸೆರಗಿನ ತುದಿಯನ್ನು ನಲ್ಲಿಯ ಕುತ್ತಿಗೆಗೆ ಸುತ್ತಿದಳು.

ಬಕೆಟ್ಟಿಗೆ ನೀರು ತೊಟ್ಟಿಕ್ಕತೊಡಗಿತು, ಚಿಕ್ಕಮ್ಮ ಹೋದ ದಿನ ತೊಟ್ಟಿಕ್ಕುತ್ತಿದ್ದ ಹಾಗೆಯೇ.

ಅಮ್ಮನ ಕೂದಲು ಒರೆಸಿ, ಕುರ್ಚಿಯಲ್ಲಿ ಕೂರಿಸಿ, ಬಾಲ್ಕನಿಗೆ ಹೋಗಿ ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿದೆ. ಆ ದಿನ ಫೋನಿನ ಹತ್ತಿರ ಕೂತವರು ಮಧ್ಯಾಹ್ನ ಎದ್ದುಹೋಗಿದ್ದರಾ ಎಂದು ಕೇಳಿದೆ. ಅವಳು ಯೋಚಿಸಿ, “ಇಲ್ಲ ಅಕ್ಕ, ತೆಗೆಯುವವರೆಗೂ ಅಲ್ಲೇ ಇದ್ರು. ಚಹಾ ಸಹ ಅಲ್ಲಿಗೇ ಕೊಟ್ಟೆವು. ಒಂದು ಫೋನಿಗೆ ಮಾತ್ರ ಅವ್ರು, ‘ಯಾರೋ ಹೌದು ಹೌದು ಅಂತಾರೆ, ಹೆಸರು ಹೇಳುದಿಲ್ಲ’ ಅಂತ ರೇಗಿದ್ರು. ಯಾಕೆ?” ಎಂದಳು.

ನಾನು ಹೇಳಿದೆ. ಒದ್ದೆ ಸೀರೆ, ಬಿಟ್ಟ ಊಟ, ಹಚ್ಚದ ದೀಪ, ಎರಡು ದಿನ ಮುಟ್ಟದ ಫೋನ್, ಎಲ್ಲವನ್ನೂ. ಇಡೀ ಲೋಕದಲ್ಲಿ ತನಗಿದ್ದ ಒಬ್ಬಳೇ ತಂಗಿಯ ಸಾವನ್ನು ಅಮ್ಮ ಗಲ್ಲಾದ ಸ್ವರದಲ್ಲಿ ಕೇಳಿದ್ದಾಳೆ. ಎಂದಿನಂತೆ ಅಂದ್ ಎಂದಿದ್ದಾಳೆ. ಫೋನ್ ಇಟ್ಟು, ತಾನೇ ಎದ್ದು ಹೋಗಿ, ಯಾರೂ ಇಲ್ಲದ ಮನೆಯಲ್ಲಿ ತಂಗಿಗಾಗಿ ಮಿಂದಿದ್ದಾಳೆ. ಆಮೇಲೆ ಕೂದಲು ಒಣಗದ ತಾಯಿಯೂ ಕೂದಲು ಒಣಗದ ಮಗಳೂ ಎದುರೆದುರು ಕೂತು, ಮಳೆಯೆಂದು ನಾನು, ಹೌದೆಂದು ಅವಳು. ನಾನು ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳಲು ಅವಳು ನನಗೆ ಬಿಟ್ಟಿದ್ದಳು. ಇಷ್ಟು ದಿನ ಅವಳು ಫೋನ್ ಮಾಡುತ್ತಿದ್ದುದು ತಂಗಿಗೆ ಅಲ್ಲ, ತಂಗಿ ಬಿಟ್ಟುಹೋದ ಮಗಳಿಗೆ.

“ಹಾಗಾದ್ರೆ ನಾನು ಅತ್ತಾಗ...” ಎಂದಷ್ಟೇ ಹೇಳಿ ಅವಳು ಫೋನ್ ಇಟ್ಟಳು.

ಮರುದಿನ ನಾನು ಕಲ್ಯಾಣದ ನೆಪ ಹೇಳಿ ರಜೆ ಹಾಕಿ ಮನೆಯಲ್ಲೇ ಉಳಿದೆ. ಮಧ್ಯಾಹ್ನ ಚಹಾಕ್ಕೆ ಇಟ್ಟು ಬಂದು ಅಮ್ಮನ ಕುರ್ಚಿಯ ಬುಡದಲ್ಲಿ ಕೂತೆ. ಅಮ್ಮ ಫೋನ್ ಎತ್ತಿಕೊಂಡು ಎರಡನೇ ಬಟನ್ನಿನ ಮೇಲೆ ಹೆಬ್ಬೆರಳಿಟ್ಟಳು. ಚಿಕ್ಕಮ್ಮನ ಬೊಟ್ಟು ಸವೆದು ಬಣ್ಣ ಹೋಗಿ, ಅಂಚು ಎದ್ದಿತ್ತು, ಬಿದ್ದಿರಲಿಲ್ಲ. ಸ್ಪೀಕರಿನಲ್ಲಿ ತುರ್ಭೆಯ ಲಾರಿಗಳ ಸದ್ದು ಬಂತು, ಮೆಟ್ಟಿಲು ಇಳಿಯುವ ಚಪ್ಪಲಿಯ ಸದ್ದು ಬಂತು.

“ದೊಡ್ಡಮ್ಮ” ಎಂದಳು ಅವಳು. ಚಪ್ಪಲಿಯ ಸದ್ದು ನಿಂತಿತು. ಆಮೇಲೆ, “ದೊಡ್ಡಮ್ಮ, ಅಮ್ಮ ಹೋದಳು.”

ಅಮ್ಮ ಕಣ್ಣು ಮುಚ್ಚಿದಳು. “ಅಂದ್” ಎಂದಳು.

ಆ ಕಡೆ ಅವಳು ಅಳತೊಡಗಿದಳು, ಸಾಹೇಬರ ನೆಪವಿಲ್ಲದೆ, ಮೆಟ್ಟಿಲಲ್ಲಿ ಯಾರು ಕೇಳುತ್ತಾರೆಂಬ ಪರಿವೆಯಿಲ್ಲದೆ. ಅಮ್ಮ ಫೋನನ್ನು ಕೆನ್ನೆಗೆ ಒತ್ತಿ ಹಿಡಿದುಕೊಂಡು, ಇಷ್ಟು ತಿಂಗಳಲ್ಲಿ ಮೊದಲ ಬಾರಿಗೆ ತಾನೂ ಅತ್ತಳು. ಅಳುತ್ತಲೇ ಅಂದ್, ಅಂದ್ ಎನ್ನುತ್ತಿದ್ದಳು. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲುವ ಸದ್ದಾಯಿತು. ನಾನು ಏಳಲು ಹೋದರೆ ಅಮ್ಮ ಸೋತ ಬಲಗೈಯನ್ನು ಕಷ್ಟಪಟ್ಟು ಎತ್ತಿ ನನ್ನ ತಲೆಯ ಮೇಲೆ ಇಟ್ಟಳು. ನನ್ನ ಕೂದಲು ಒಣಗಿದೆಯೇ ಎಂದು ನೋಡುವವಳಂತೆ ಬೆರಳಾಡಿಸಿದಳು.